ಮುದ್ದೇಬಿಹಾಳಕ್ಕೆ ಸುತ್ತಿ ಹೋದ ದಾರಿ

ಭಾನುವಾರ ಮಧ್ಯಾಹ್ನ ತಮ್ಮ ಬಂದು ಮಕ್ಕಳನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ನಾನು ಶುಕ್ರವಾರ ಬೆಳಿಗ್ಗೆಯೇ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಇಂಡಿಯಿಂದ ಹೊರಟುಬಿಟ್ಟೆ. ಮೂರು ವರ್ಷದ ಹಿಂದಿನ ಮಾತು. ಶಾಲೆಗೆ ಬೇಸಿಗೆ ರಜೆ ಬಿಟ್ಟು ಇನ್ನೂ ವಾರವಾಗಿರಲಿಲ್ಲ.

ಅವರು ನನ್ನ ಮಕ್ಕಳಲ್ಲ, ತಮ್ಮನ ಮಕ್ಕಳು. ನನಗೆ ಮದುವೆಯಾಗಿಲ್ಲ. ಇಂಡಿಯ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ತಮ್ಮ ಮುದ್ದೇಬಿಹಾಳದಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನ ಹೆಂಡತಿಗೆ ಬೆನ್ನುಮೂಳೆಗೆ ಕ್ಷಯ ತಗುಲಿ ಹಾಸಿಗೆ ಹಿಡಿದಾಗ ಹುಡುಗಿಗೆ ಐದೂವರೆ ವರ್ಷ, ಹುಡುಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ಮಗುವನ್ನು ಎತ್ತಲೇಬಾರದು ಎಂದಿದ್ದರು ಡಾಕ್ಟರು. ಎರಡು ತಿಂಗಳ ಮಟ್ಟಿಗೆ ಎಂದು ಇಬ್ಬರನ್ನೂ ನಾನು ಕರೆತಂದೆ. ಎರಡು ತಿಂಗಳು ಎರಡೂವರೆ ವರ್ಷವಾಯಿತು.

ಹುಡುಗ ಮಾತು ಕಲಿತದ್ದು ನನ್ನ ಮನೆಯಲ್ಲಿ. ನನ್ನನ್ನು ಅವ್ವ ಎಂದು ಕರೆಯುತ್ತಿದ್ದ. ಮೊದಮೊದಲು "ಅವ್ವ ಅಲ್ಲೋ, ಅತ್ತಿ" ಎಂದು ತಿದ್ದುತ್ತಿದ್ದೆ. ಆಮೇಲಾಮೇಲೆ ಯಾರಾದರೂ ಎದುರಿಗಿದ್ದಾಗ ಮಾತ್ರ ತಿದ್ದುತ್ತಿದ್ದೆ.

ನಾದಿನಿ ಗುಣವಾಗಿ ಎದ್ದು ಓಡಾಡತೊಡಗಿದ ಸುದ್ದಿ ಬಂದಾಗ ಸಂತೋಷಪಟ್ಟೆ. ಅದು ಸುಳ್ಳಲ್ಲ. ಹುಡುಗಿಯ ಶಾಲೆಯಿಂದ ಟಿ.ಸಿ. ತಂದು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಬಟ್ಟೆಗಳನ್ನು ಎರಡು ಚೀಲಗಳಲ್ಲಿ ತುಂಬಿ ಮಂಚದಡಿ ತಳ್ಳಿದೆ. ಆದರೆ ಮಕ್ಕಳಿಗೆ ಏನೂ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ದಿನಗಳು ಕಳೆದವು.

ಆ ಶುಕ್ರವಾರ ಹಲ್ಲುಜ್ಜುತ್ತಿರುವಾಗ ಭಾನುವಾರದ ಚಿತ್ರ ಕಣ್ಣಮುಂದೆ ಬಂತು. ತಮ್ಮ ಬಾಡಿಗೆ ಗಾಡಿ ತರುತ್ತಾನೆ, ಮಕ್ಕಳು ಹತ್ತುತ್ತಾರೆ, ನಾನು ಬಾಗಿಲಲ್ಲಿ ನಿಂತು ಕೈಬೀಸಬೇಕು. ಆಮೇಲೆ ತಿರುಗಿ ಒಳಗೆ ಹೋಗಬೇಕು. ಅದು ನನ್ನಿಂದಾಗದು ಎನ್ನಿಸಿತು. ಮಕ್ಕಳು ಸ್ನಾನ ಮಾಡುತ್ತಿದ್ದಾಗ ಚೀಲಗಳನ್ನು ಡಿಕ್ಕಿಯಲ್ಲಿ ಹಾಕಿದೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡೆ.

"ನಡೀರಿ, ತಿರಗ್ಯಾಡಾಕ ಹೋಗೂಣು" ಎಂದೆ.

"ಎಲ್ಲಿಗಿ?" ಎಂದ ಹುಡುಗ, ಚಡ್ಡಿ ಕೈಯಲ್ಲಿ ಹಿಡಿದುಕೊಂಡೇ.

"ಗಾಡಿ ಎಲ್ಲಿಗಿ ಹೋಗ್ತೈತಿ ಅಲ್ಲಿಗಿ."

ಅವನು ಕುಣಿದಾಡಿಬಿಟ್ಟ. ಹುಡುಗಿ ಮಾತ್ರ ಏನೂ ಕೇಳದೆ ಚಪ್ಪಲಿ ಮೆಟ್ಟಿದಳು.

ನಾನು ಕಾರು ಕಲಿತದ್ದೇ ನಲವತ್ತನಾಲ್ಕನೇ ವಯಸ್ಸಿಗೆ, ಈ ಮಕ್ಕಳಿಗಾಗಿ. ಹಳೆಯ ಗಾಡಿ; ಎಸಿ ನಡೆಯುತ್ತಿರಲಿಲ್ಲ. ಕಿಟಕಿ ಇಳಿಸಿ ನಿಧಾನ ಹೊಡೆದೆ. ನಿಂಬೆ ತೋಟಗಳು ಹಿಂದೆ ಸರಿದವು. ಹಿಂದಿನ ಸೀಟಿನಲ್ಲಿ ಇಬ್ಬರೂ ಎದುರು ಬರುವ ಟ್ರ್ಯಾಕ್ಟರುಗಳನ್ನು ಎಣಿಸುತ್ತಿದ್ದರು. ಹುಡುಗನಿಗೆ ಹನ್ನೆರಡರ ಮುಂದೆ ಬರುತ್ತಿರಲಿಲ್ಲ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ನಾನು ಏನಾದರೂ ಮಾತಾಡಬೇಕೆಂದುಕೊಂಡು ಅವನಿಗೆ ಹದಿಮೂರು ಹೇಳಿಕೊಟ್ಟೆ.

ಸಿಂದಗಿಯಲ್ಲಿ ಕಬ್ಬಿನ ಹಾಲು ಕುಡಿಯಲು ನಿಲ್ಲಿಸಿದೆ. ಗಾಣದ ಹತ್ತಿರ ನಿಂತಿದ್ದ ಹೆಂಗಸು ಹುಡುಗನ ಗಲ್ಲ ಹಿಂಡಿ ಕೇಳಿದಳು.

"ನಿಮ್ಮ ಮಕ್ಕಳೇನ್ರಿ, ಅಕ್ಕಾರ?"

"ಹೌದ್ರಿ" ಎಂದೆ.

"ಸಣ್ಣಾಂವ ಥೇಟ್ ನಿಮ್ಮಂಗ ಅದಾನ ನೋಡ್ರಿ."

ಹುಡುಗಿ ಗ್ಲಾಸನ್ನು ಬಾಯಿಂದ ತೆಗೆದು ನನ್ನ ಮುಖ ನೋಡಿದಳು. ನಾನು ಚೀಲದಲ್ಲಿ ಚಿಲ್ಲರೆ ಹುಡುಕುವವಳಂತೆ ತಲೆ ತಗ್ಗಿಸಿದೆ. ಆಮೇಲೆ ಅವರನ್ನು ಕಾರಿನಲ್ಲಿ ಕೂರಿಸಿ, ಸ್ವಲ್ಪ ದೂರ ಹೋಗಿ ನಿಂತು ತಮ್ಮನಿಗೆ ಫೋನು ಮಾಡಿದೆ.

"ಮಕ್ಕಳನ್ನ ನಾನ ಕರಕೊಂಡು ಬರಾಕತ್ತೇನಿ. ಸಂಜೀಕ ಮುಟ್ತೇವಿ."

"ಯಾಕಕ್ಕಾ? ನಾ ಐತಾರ ಬರಾಂವ ಇದ್ನೆಲ್ಲಾ?"

"ಸಾಲಿ ಸೂಟಿ ಐತಿ. ತಿರಗ್ಯಾಡ್ಕೋತ ಬರ್ತೇವಿ."

"ಹುಷಾರಕ್ಕಾ" ಎಂದ.

ಸಿಂದಗಿಯಿಂದ ನೇರ ಬಾಗೇವಾಡಿ ದಾರಿ ಹಿಡಿಯಬೇಕಿತ್ತು. ಯಂಕಂಚಿಯ ಬೋರ್ಡು ಕಂಡಿತು, ಆ ಕಡೆ ತಿರುಗಿಸಿದೆ. ಅಲ್ಲಿ ನನಗೆ ಯಾರೂ ಇಲ್ಲ, ಯಾವ ಕೆಲಸವೂ ಇಲ್ಲ. ಮುದ್ದೇಬಿಹಾಳ ಸ್ವಲ್ಪ ದೂರವಾಗಲಿ ಎನ್ನುವುದಷ್ಟೇ ಆಸೆ. ಊರಿನ ಹತ್ತಿರ ರಸ್ತೆ ಪಕ್ಕದ ಹೊಲದಲ್ಲಿ ಪಂಪ್‌ಸೆಟ್ಟಿನ ನೀರು ದಪ್ಪಗೆ ತೊಟ್ಟಿಗೆ ಬೀಳುತ್ತಿತ್ತು. ಹುಡುಗ ಕಿಟಕಿಯಿಂದ ಅರ್ಧ ಮೈ ಹೊರಹಾಕಿ "ಅವ್ವಾ, ನೀರ! ನೀರ!" ಎಂದು ಕಿರುಚಿದ. ಹೊಲದಲ್ಲಿದ್ದ ಹೆಂಗಸು ಕೇಳಿಸಿಕೊಂಡು ನಕ್ಕಳು.

"ಬಿಡ್ರಿ, ಜಳಕ ಮಾಡಲಿ. ಇನ್ನೊಂದು ತಾಸಿಗೆ ಕರೆಂಟ್ ಹೋಗ್ತೈತಿ."

ಇಬ್ಬರೂ ಮೈಮೇಲಿನ ಬಟ್ಟೆಯಲ್ಲೇ ತೊಟ್ಟಿಗೆ ಹಾರಿದರು. ಅಷ್ಟೊಂದು ನಗುವುದನ್ನು ನಾನು ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಹುಡುಗಿ ತಮ್ಮನನ್ನು ಪೈಪಿನ ಬಾಯಿಗೆ ಹಿಡಿಯುವುದು, ಅವನು ಉಸಿರುಗಟ್ಟಿ ಕೂಗಿ ಮತ್ತೆ ತಾನೇ ಹೋಗಿ ನಿಲ್ಲುವುದು. "ಬಾ, ನೀನೂ ಬಾ" ಎಂದು ಕರೆದರು. ಸೀರೆ ಒದ್ದೆಯಾಗುತ್ತದೆ ಎಂದೆ. ಬೇವಿನ ಮರದ ಕೆಳಗೆ ಬದುವಿನ ಮೇಲೆ ಕೂತು ನೋಡಿದೆ. ಹತ್ತು ಹೆಜ್ಜೆ ದೂರದಲ್ಲಿದ್ದರು. ಆಗಲೇ ಬೇರೆಯವರ ಮಕ್ಕಳನ್ನು ನೋಡುತ್ತಿದ್ದೇನೆ ಅನ್ನಿಸಿತು.

ಆ ಹೆಂಗಸು ನಮ್ಮ ರೊಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ತಂದುಕೊಟ್ಟು ಪಕ್ಕದಲ್ಲೇ ಕೂತಳು. ಮಕ್ಕಳ ಬಗ್ಗೆ ಏನಾದರೂ ಕೇಳಿಯಾಳೆಂದು ಹೆದರಿದೆ. ಅವಳು ಬಿಸಿಲಿನ ಬಗ್ಗೆ ಮಾತಾಡಿದಳು.

ಬಸವನ ಬಾಗೇವಾಡಿ ಮುಟ್ಟಿದಾಗ ನಾಲ್ಕು ದಾಟಿತ್ತು. ಗುಡಿಯ ಕಲ್ಲುಕಟ್ಟೆ ತಂಪಾಗಿತ್ತು. ಹುಡುಗ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಹುಡುಗಿ ಪಕ್ಕದಲ್ಲಿ ಮೊಣಕಾಲು ಮಡಚಿ ಕೂತಿದ್ದಳು. ಈಗ ಹೇಳಬೇಕು, ಇನ್ನು ಹೇಳದಿದ್ದರೆ ಆಗದು ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಅತ್ತಿ, ಡಿಕ್ಕ್ಯಾಗ ನಮ್ಮ ಅರಿವಿ ಅದಾವಲ್ಲ?"

"ನೋಡಿದೇನು?"

"ಇಲ್ಲ. ಟಿ.ಸಿ. ನೋಡಿದ್ದೆ. ನಿನ್ನ ಸೀರಿ ಬುಡಕ ಇತ್ತಲ್ಲ."

"ಯಾವಾಗ ನೋಡಿದಿ?"

"ಭಾಳ ದಿನಾ ಆತು. ಪರೀಕ್ಷಾ ಮುಗದ ಮ್ಯಾಲ."

ಎಂಟು ವರ್ಷದ ಹುಡುಗಿ. ಅಷ್ಟು ದಿನ ನನ್ನ ಜೊತೆ ಊಟ ಮಾಡಿದ್ದಾಳೆ, ಜಡೆ ಹಾಕಿಸಿಕೊಂಡಿದ್ದಾಳೆ, ರಾತ್ರಿ ನನ್ನ ಪಕ್ಕದಲ್ಲಿ ಮಲಗಿದ್ದಾಳೆ.

"ಮತ್ತ ನನಗ ಯಾಕ ಕೇಳಲಿಲ್ಲ?"

"ನೀ ಬಚ್ಚಲದಾಗ ಅಳತಿದ್ದಿ. ಕೇಳಿದ್ರ ಮತ್ತ ಅಳತಿದ್ದಿ." ಆಮೇಲೆ ತಮ್ಮನ ಕಡೆ ನೋಡಿ ದನಿ ತಗ್ಗಿಸಿದಳು. "ಇವಗ ಹೇಳಬ್ಯಾಡ ಈಗ. ಅಲ್ಲಿ ಹೋದ ಮ್ಯಾಲ ಹೇಳೂಣು."

ನನ್ನ ದುಃಖವನ್ನು ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅದೇ ಮನೆಯಲ್ಲಿ, ನನ್ನ ಕಣ್ಣೆದುರೇ, ಈ ಮಗುವೂ ಒಂಟಿಯಾಗಿತ್ತು. ನಾನು ನೋಡಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಬಿಗಿಯಾಗಿ ಹಿಡಿಯಲೂ ಇಲ್ಲ.

"ನಿನಗ ಹೋಗೂ ಮನಸ್ಸ ಐತೇನು?" ಎಂದೆ.

"ಅವ್ವನ ನೆನಪ ಬರತೈತಿ" ಎಂದಳು. ಅದನ್ನೂ ಅವಳು ಎರಡೂವರೆ ವರ್ಷ ನನಗೆ ಹೇಳಿರಲಿಲ್ಲ.

ಮುದ್ದೇಬಿಹಾಳದ ಮನೆಯ ಮುಂದೆ ಗಾಡಿ ನಿಂತಾಗ ಇನ್ನೂ ಬೆಳಕಿತ್ತು. ನಾದಿನಿ ಬಾಗಿಲಲ್ಲೇ ನಿಂತಿದ್ದಳು. ತೆಳ್ಳಗಾಗಿದ್ದಳು, ಸೊಂಟಕ್ಕೆ ಇನ್ನೂ ಪಟ್ಟಿ ಕಟ್ಟಿತ್ತು, ಹೊಸ ಸೀರೆ ಉಟ್ಟಿದ್ದಳು. ಹುಡುಗಿ ಓಡಿಹೋಗಿ ಅವಳ ಹೊಟ್ಟೆಗೆ ಮುಖ ಒತ್ತಿದಳು. ಹುಡುಗ ನನ್ನ ಸೀರೆಯ ಹಿಂದೆ ಅಡಗಿದ. ಅವನ ತಾಯಿ ಒಂದು ಕೈ ಚಾಚಿ, ಪೂರ್ತಿ ಚಾಚಲಾರದೆ, ಹಾಗೇ ನಿಂತಳು.

ಆ ಕ್ಷಣ ನನ್ನೊಳಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ನಿಜ. ಆಮೇಲೆ ಅವಳ ಮುಖ ಕಂಡಿತು. ನಾನು ಬಗ್ಗಿ ಹುಡುಗನ ಭುಜ ಹಿಡಿದು ಹೇಳಿದೆ.

"ಅಲ್ಲಿ ನೋಡು, ಅಕೀನ ನಿಮ್ಮವ್ವ. ನಾ ಅತ್ತಿ. ಹೋಗು."

"ನೀ ಅವ್ವ" ಎಂದ ಅವನು, ಎಲ್ಲರಿಗೂ ಕೇಳಿಸುವಂತೆ.

ನಾದಿನಿ ಅಳಲಿಲ್ಲ. "ಇರಲಿ ಬಿಡ್ರಿ, ಅಕ್ಕಾರ. ಒಳಗ ಬರ್ರಿ, ಚಾ ಮಾಡೇನಿ" ಎಂದಳು.

ಎರಡು ದಿನ ಉಳಿದೆ. ಮೊದಲ ದಿನ ಹುಡುಗ ಅವಳ ಕೈಯಿಂದ ತುತ್ತು ತೆಗೆದುಕೊಳ್ಳಲಿಲ್ಲ. ಎರಡನೆಯ ದಿನ ಅವಳು ಹಿಟ್ಟಿನ ಉಂಡೆ ಮಾಡಿ ಕೈಗೆ ಕೊಟ್ಟಳು. ಅವಳ ಪಕ್ಕ ಕೂತು ಅವನೂ ಒಂದು ಸಣ್ಣ ರೊಟ್ಟಿ ಬಡಿದ. ನಾನು ಅಡುಗೆಮನೆಗೆ ಹೋಗದೆ ಪಡಸಾಲೆಯಲ್ಲಿ ಹಳೆಯ ಪೇಪರು ಓದುತ್ತ ಕೂತೆ.

ಭಾನುವಾರ ಬೆಳಿಗ್ಗೆ ಅವನು ಹಿತ್ತಲಲ್ಲಿ ಆಡುತ್ತಿರುವಾಗ ಮೆಲ್ಲಗೆ ಹೊರಟುಬಿಡೋಣ ಎಂದುಕೊಂಡೆ. ನಾದಿನಿ ತಡೆದಳು.

"ಹೇಳದ ಹೋಗಬ್ಯಾಡ್ರಿ, ಅಕ್ಕಾರ. ಅವತ್ತ ಅಂವಾ ಮಲಗಿದ್ದಾಗ ನಾ ದವಾಖಾನಿಗಿ ಹೋದೆ. ಇವತ್ತಿಗೂ ಅದ ನನಗ ಸಂಕಟ ಐತಿ."

ಕರೆದು ಹೇಳಿದೆ. ಅತ್ತ. ಕಾರಿನ ಬಾಗಿಲು ಹಿಡಿದುಕೊಂಡು, ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ತಮ್ಮ ಎತ್ತಲು ಹೋದರೆ ಒದ್ದ. ಕೊನೆಗೆ ನಾದಿನಿ, ಎತ್ತುವ ಹಾಗಿಲ್ಲವಲ್ಲ, ಅವನ ಪಕ್ಕದಲ್ಲಿ ಮಣ್ಣಿನಲ್ಲೇ ಕಷ್ಟಪಟ್ಟು ಕೂತಳು. ಅವನು ಅವಳ ಮಡಿಲಿಗೆ ತಲೆಯಿಟ್ಟನೋ, ಅವಳೇ ಎಳೆದುಕೊಂಡಳೋ ನೋಡಲಿಲ್ಲ. ಗಾಡಿ ತಿರುಗಿಸಿದೆ. ನೇರ ದಾರಿಯಲ್ಲಿ ಬಂದೆ, ಎಲ್ಲೂ ನಿಲ್ಲಿಸಲಿಲ್ಲ.

ಮನೆಯಲ್ಲಿ ಬೇಗನೆ ಬಾಗಿಲು ಹಾಕಿಕೊಂಡೆ. ಅನ್ನಕ್ಕೆ ಎಷ್ಟು ಅಕ್ಕಿ ಹಾಕಬೇಕೆಂಬುದು ತಿಂಗಳಾದರೂ ಕೈಗೆ ಬರಲಿಲ್ಲ. ಹೆಚ್ಚಾದದ್ದನ್ನು ಪಕ್ಕದ ಮನೆಗೆ ಕೊಡುತ್ತಿದ್ದೆ. ಅವರು ಮೊದಲು ಸಂಕೋಚಪಟ್ಟರು, ಆಮೇಲೆ ತಾವೇ ಪಾತ್ರೆ ಕಳಿಸತೊಡಗಿದರು.

ಈಗ ಮಕ್ಕಳು ಪ್ರತಿ ಬೇಸಿಗೆಗೆ ಹತ್ತು ದಿನ ಬರುತ್ತಾರೆ. ಹುಡುಗನಿಗೆ ನಾನು ಅತ್ತಿ, ಒಮ್ಮೆಯೂ ಬಾಯಿ ತಪ್ಪುವುದಿಲ್ಲ. ಈ ಸಲ ಊಟಕ್ಕೆ ಕೂತಾಗ ಕೇಳಿದ.

"ಅತ್ತಿ, ನಾ ಸಣ್ಣಾಂವ ಇದ್ದಾಗ ಇಲ್ಲೇ ಇದ್ನೆಂತ, ಖರೇನ?"

"ಖರೇ."

"ಎಷ್ಟ ದಿನಾ ಇದ್ದೆ?"

"ಭಾಳ ದಿನಾ."

"ನನಗೇನೂ ನೆನಪ ಇಲ್ಲ" ಎಂದು ನಕ್ಕು, ಮಜ್ಜಿಗೆ ಸುರಿದುಕೊಂಡು, ಗಬಗಬ ಉಂಡು ಹೊರಗೆ ಓಡಿದ.

ಹುಡುಗಿಗೆ ಈಗ ಹನ್ನೊಂದು. ಅವಳು ತನ್ನ ತಟ್ಟೆ ಎತ್ತಿದಳು, ಅವನದನ್ನೂ ಎತ್ತಿದಳು, ನನ್ನ ಊಟ ಮುಗಿಯುವ ತನಕ ಅಲ್ಲೇ ನಿಂತಿದ್ದಳು.