ಬಾಯಲ್ಲಿ ನೀರು, ಪಕ್ಕದಲ್ಲಿ ಮಗಳು

ಬಾಯಿ ತುಂಬ ನೀರಿಟ್ಟುಕೊಂಡು, ನುಂಗದೆ, ಉಗುಳದೆ, ರೇಷ್ಮೆ ಸೀರೆಯಲ್ಲಿ ನೆಟ್ಟಗೆ ಕುಳಿತಿದ್ದೀರಾ ಎಂದಾದರೂ? ನಾನು ಕುಳಿತೆ. ಕಳೆದ ಭಾನುವಾರ, ಮದರಾಸಿನ ಕೀಲ್ಪಾಕಿನಲ್ಲಿ, ಮೂವರು ಟೀಚರುಗಳ ಎದುರಿಗೆ.

ನಗಬೇಡಿ. (ನಗುತ್ತೀರಿ, ಗೊತ್ತು. ವಾರವಾರವೂ ನನ್ನ ಬಾಯಿಯ ಪ್ರತಾಪ ಓದುವವರಲ್ಲವೇ ನೀವು?)

ನನ್ನ ಮಗಳು ವಾಸಂತಿ ಅಲ್ಲಿನ ಬೋರ್ಡಿಂಗ್ ಸ್ಕೂಲಿನಲ್ಲಿ ಸಿಕ್ಸ್ತ್ ಫಾರ್ಮ್. ಅವರಪ್ಪನ ರೈಲ್ವೆ ಟ್ರಾನ್ಸ್‌ಫರ್‌ಗಳ ಕಾಟಕ್ಕೆ ಹಾಸ್ಟೆಲ್ಲಿಗೆ ಹಾಕಿದ್ದು. ನಾವು ಹಾರ್ಬರ್ ಪಕ್ಕದ ರಾಯಪುರಂಗೆ ವಾಪಸು ಬಂದರೂ ಅವಳು ಅಲ್ಲೇ ಉಳಿದಳು. ಇನ್ನೇನು ಎಸ್ಸೆಸ್ಸೆಲ್ಸಿ ಪರೀಕ್ಷೆ, ಆಮೇಲೆ ಪಿಯುಸಿಗೆ ಕಾಲೇಜಿನಲ್ಲಿ ಇಂಟರ್‌ವ್ಯೂ.

ಇಂಟರ್‌ವ್ಯೂ ಯಾರಿಗೆ? ಹುಡುಗಿಗೆ. ಉತ್ತರ ಹೇಳುವವರು ಯಾರು? ಪಕ್ಕದಲ್ಲಿ ಕುಳಿತ ಅಪ್ಪ ಅಮ್ಮ! ಹೋದ ವರ್ಷ ಒಬ್ಬ ತಾಯಿ ಮಗಳ ಹೆಸರನ್ನೂ ತಾನೇ ಹೇಳಿದಳಂತೆ. ಹುಡುಗಿಗೆ ಮಾತೇ ಬರುವುದಿಲ್ಲವೇನೋ ಎಂದುಕೊಂಡ ಕಾಲೇಜಿನವರು ಸೀಟು ಕೊಡಲಿಲ್ಲವಂತೆ.

ಇದಕ್ಕೆ ಹೆಡ್‌ಮಿಸ್ಟ್ರೆಸ್ ಮದ್ದು ಕಂಡುಹಿಡಿದಿದ್ದಾರೆ. ಕೊನೆಯ ವಿಸಿಟಿಂಗ್ ಭಾನುವಾರ ಸಿಕ್ಸ್ತ್ ಫಾರ್ಮಿಗೆಲ್ಲ ಪ್ರಾಕ್ಟೀಸ್ ಇಂಟರ್‌ವ್ಯೂ. ಜೊತೆಗೆ ಕೂರುವ ದೊಡ್ಡವರು ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ನುಂಗಿದರೆ ಮಗಳು ಸಾಲಿನ ಕೊನೆಗೆ! ಆ ಪ್ರಾಕ್ಟೀಸಿನಲ್ಲಿ ಅವಳು ಹೇಳಿದ ಪಿಯುಸಿ ಗ್ರೂಪಿಗೇ ಸ್ಕೂಲಿನ ಶಿಫಾರಸು ಹೋಗುವುದು.

ಗ್ರೂಪಿನ ಬಗ್ಗೆ ನನಗೇನೂ ಚಿಂತೆಯಿರಲಿಲ್ಲ. ನ್ಯಾಚುರಲ್ ಸೈನ್ಸ್, ಆಮೇಲೆ ಮೆಡಿಕಲ್. ನಾನೇ ನಿರ್ಧರಿಸಿಯಾಗಿತ್ತು. ಪಕ್ಕದ ಮನೆಯ ಕಮಲಮ್ಮನಿಗೆ, ಮಂಡಿನೋವನ್ನು ಇನ್ನು ಸ್ವಲ್ಪ ವರ್ಷ ತಡೆದುಕೊಳ್ಳಿ, ನಮ್ಮ ವಾಸಂತಿಯೇ ನೋಡುತ್ತಾಳೆ ಎಂದೂ ಹೇಳಿಬಿಟ್ಟಿದ್ದೆ.

ಹಾಸ್ಟೆಲ್ಲಿನ ಸಂಭ್ರಮ ನೋಡಬೇಕಿತ್ತು! ಇಸ್ತ್ರಿ ಮಾಡಿದ ದಾವಣಿಗಳು. ನೇರಳೆ ಮರಕ್ಕೆ ‘ಗುಡ್ ಮಾರ್ನಿಂಗ್ ಮೇಡಂ’ ಹೇಳಿ ಅಭ್ಯಾಸ ಮಾಡುವ ಹುಡುಗಿಯರು. ಕಿಟಕಿಗಳಲ್ಲೆಲ್ಲ ಜೂನಿಯರ್‌ಗಳ ತಲೆ. ನನಗಿಂತ ಮುಂಚೆ ಹೋದ ತ್ರಿಪ್ಲಿಕೇನಿನ ಹೋಟೆಲ್ ರಾಯರು ಎರಡು ಸಲ ನುಂಗಿ ಹೊರಗೆ ಬಂದರು. ನೀರಿನ ಬದಲು ಕಾಫಿ ಕೊಟ್ಟರೆ ಬಾಯಲ್ಲಿ ನಿಲ್ಲುತ್ತದೆ ಎಂದು ವಾದ ಬೇರೆ. ಅವರ ಮಗಳು ಅಳುವುದೊಂದೇ ಬಾಕಿ.

ನಮ್ಮ ಸರದಿ. ಬಾಗಿಲಲ್ಲಿ ವಾಸಂತಿ ನನ್ನ ಕೈ ಹಿಡಿದಳು.

“ಅಮ್ಮಾ, ಮುಳುಂಗಿಡಾದೇ, ನುಂಗ್ಬಿಡ್ಬೇಡ. ನೀನು ನುಂಗಿದ್ರೆ ಮತ್ತೆ ಇಷ್ಟು ಧೈರ್ಯ ನಂಗೆ ಬರಲ್ಲ.”

ಇಷ್ಟೊಂದು ಧೈರ್ಯ ಯಾಕಪ್ಪಾ ಬೇಕು ಎಂದು ಕೇಳುವಷ್ಟರಲ್ಲಿ ಲೋಟ ಬಂತು. ನೀರು ತುಂಬಿಕೊಂಡೆ.

ಊರು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ರಾಯಪುರಂ ಎಂದಳು! ತುಮಕೂರು ಕಣೇ ಎನ್ನಲು ನೀರು ಗಂಟಲವರೆಗೆ ಹೋಗಿ ವಾಪಸು ಬಂತು.

ಗ್ರೂಪು? ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ ಎಂದಳು.

ಏನು?!

ಇಂಜಿನಿಯರ್ ಆಗಬೇಕಂತೆ. ಹಾರ್ಬರಿನ ಕ್ರೇನ್‌ಗಳಂಥವನ್ನು ಕಟ್ಟಬೇಕಂತೆ. ರಜೆಯಲ್ಲಿ ಮನೆಗೆ ಬಂದಾಗಲೆಲ್ಲ ಇವಳು ಮೊಟ್ಟೆಮಾಡಿ, ಅಂದರೆ ನಮ್ಮ ತಾರಸಿ, ಹತ್ತಿ ನಿಲ್ಲುತ್ತಿದ್ದಳು. ಗಾಳಿಗೆ ಎಂದುಕೊಂಡಿದ್ದೆ ನಾನು. ಅದು ಕ್ರೇನ್ ನೋಡುವುದಕ್ಕೆ! ತನ್ನ ತೋಳನ್ನೇ ಕ್ರೇನ್ ಮಾಡಿ ತೋರಿಸುತ್ತ, ಅಷ್ಟು ಭಾರ ಎತ್ತಿದರೂ ಅದು ಯಾಕೆ ಮಗುಚುವುದಿಲ್ಲವೆಂದು ಮೂವರಿಗೂ ವಿವರಿಸಿದಳು. ಕಣ್ಣು ಹೊಳೆಯುತ್ತಿತ್ತು. ನನ್ನ ಮಗಳು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆ ಕ್ಲಾಸಿನಲ್ಲಿ ಹುಡುಗಿಯರು ಎಷ್ಟಿರುತ್ತಾರೆ ಗೊತ್ತಾ ಎಂದರು ಒಬ್ಬ ಟೀಚರು. ನಾನು ಸೇರಿದರೆ ಒಬ್ಬಳು ಜಾಸ್ತಿ, ಮಿಸ್, ಎಂದಳು!

“ನಿಮ್ಮಮ್ಮ ಒಪ್ಪಿದ್ದಾರಾ?” ಹೆಡ್‌ಮಿಸ್ಟ್ರೆಸ್ ಕೇಳಿದರು.

“ಅಮ್ಮನಿಗೆ ಗೊತ್ತಿಲ್ಲ ಮಿಸ್. ಹೇಳೋಣಾಂತ ಹೋದಾಗೆಲ್ಲ ಅವರು ಮಾತಾಡ್ತಾ ಇರ್ತಾರೆ.”

ಮೂವರೂ ನಕ್ಕರು. ಕಿಟಕಿಯಲ್ಲಿದ್ದ ಜೂನಿಯರ್‌ಗಳೂ ನಕ್ಕರು. ವಾಸಂತಿ ಮಾತ್ರ ನಗಲಿಲ್ಲ. ನನ್ನ ಕೆನ್ನೆಗಳನ್ನೇ ನೋಡುತ್ತಿದ್ದಳು. ನುಂಗಿ ಒಂದು ‘ಬೇಡ’ ಅಂದಿದ್ದರೆ ಸಾಕಿತ್ತು, ಹುಡುಗಿ ಸಾಲಿನ ಕೊನೆಗೆ. ಧೈರ್ಯವೂ ಅಲ್ಲಿಗೆ ಮುಗಿಯುತ್ತಿತ್ತು.

ಹೌದೋ ಅಲ್ಲವೋ ತಲೆಯಾಡಿಸಿಯೇ ಹೇಳಿ ಎಂದರು ಹೆಡ್‌ಮಿಸ್ಟ್ರೆಸ್, ನನ್ನತ್ತ ತಿರುಗಿ.

ಹೂಂ ಎಂದು ತಲೆಯಾಡಿಸಿದೆ. ಎಷ್ಟು ಜೋರಾಗಿ ಎಂದರೆ, ತುಟಿಯಂಚಿನಿಂದ ನೀರು ಸೋರಿ ರೇಷ್ಮೆ ಸೆರಗೆಲ್ಲ ಒದ್ದೆ! ಸೋರಿದ್ದು ನುಂಗಿದಂತಲ್ಲ ಎಂದು ತೀರ್ಪಾಯಿತು. ವಾಸಂತಿ ಹೊರಗೆ ಓಡಿದಳು, ಗೆಳತಿಯರ ಕಿರುಚಾಟ ಗೇಟಿನವರೆಗೂ ಕೇಳಿರಬೇಕು.

ಸಂಜೆ ಕಮಲಮ್ಮನಿಗೆ ಹೇಳಿದೆ, ಮಂಡಿಗೆ ಬೇರೆ ಡಾಕ್ಟರನ್ನು ನೋಡಿಕೊಳ್ಳಿ, ನಮ್ಮವಳು ಬೇಕಾದರೆ ಕ್ರೇನ್ ಕಳಿಸಿಕೊಡುತ್ತಾಳೆ. ನನ್ನ ಯಜಮಾನರು ಕಥೆಯನ್ನೆಲ್ಲ ಕೇಳಿ, ಆ ಲೋಟ ಮನೆಗೂ ಒಂದು ತರಬಾರದಿತ್ತಾ ಎಂದರು.

ತರಲಿಲ್ಲ. ಆದರೆ ಹೇಳಿ, ನಿಮ್ಮ ಮಗು ಏನಾಗಬೇಕೆಂದಿದೆ ಎಂಬುದು ನಿಮಗೆ ಅದರ ಬಾಯಿಂದಲೇ ಗೊತ್ತಾಗಿದ್ದೋ, ನಿಮ್ಮ ಬಾಯಿಂದಲೋ?