ಅಕ್ಕನ ಹೆಸರಿನ ರಿವಾಲ್ವರ್

ನನ್ನ ಭಾವ ಜೀವಮಾನದಲ್ಲಿ ಒಂದು ಇಲಿಯನ್ನೂ ಕೊಂದವರಲ್ಲ. ರಾಮಕೃಷ್ಣನಗರದ ಅವರ ಮನೆಯಲ್ಲಿ ಬೋನಿಗೆ ಇಲಿ ಬಿದ್ದರೆ, ಬೋನನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಲಿಂಗಾಂಬುಧಿ ಕೆರೆಯ ಕಡೆ ಹೋಗಿ ಬಿಟ್ಟು ಬರುತ್ತಿದ್ದರು. ಅಪ್ಪನಿಂದ ಬಂದ ಊದುಬತ್ತಿ ಕಾರ್ಖಾನೆ, ಕತ್ತಿನಲ್ಲಿ ಬೆಳ್ಳಿಯ ಕರಡಿಗೆ, ಸೋಮವಾರ ಒಪ್ಪೊತ್ತು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಈ ಮನುಷ್ಯ ಮನೆಯಲ್ಲಿ ಕೂಡಿಡುತ್ತಿದ್ದದ್ದು ರಿವಾಲ್ವರುಗಳನ್ನು.

ಅದೂ ಎಂಥೆಂಥದೋ ಅಲ್ಲ. ಗುರಿ ಹೊಡೆಯುವ ಸ್ಪರ್ಧೆಗೆಂದೇ ಮಾಡಿದ, ನಳಿಗೆ ಉದ್ದವಾಗಿರುವ, ಕಂಪನಿಯವರು ಕೆಲವು ನೂರು ಮಾತ್ರ ಮಾಡಿ ಕೈಬಿಟ್ಟಂಥ ರಿವಾಲ್ವರುಗಳು. ಎಲ್ಲರ ಹತ್ತಿರ ಇರುವಂಥದ್ದು ಭಾವನಿಗೆ ಕಸಕ್ಕೆ ಸಮ. ಯಾರ ಹತ್ತಿರವೂ ಇಲ್ಲ ಅಂದರೆ ಸಾಕು, ಕಣ್ಣು ಒದ್ದೆಯಾಗುತ್ತಿತ್ತು. ಮೊದಲ ಹೆರಿಗೆಯಲ್ಲಿ ಅಕ್ಕ ಆಸ್ಪತ್ರೆಯಲ್ಲಿದ್ದಾಗಲೂ ಆ ಕಣ್ಣು ಒಣಗಿಯೇ ಇದ್ದದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಈ ಹುಚ್ಚು ಹತ್ತಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಲಷ್ಕರ್ ಮೊಹಲ್ಲಾದ ಒಂದು ಬಂದೂಕಿನ ಅಂಗಡಿಯಲ್ಲಿ. ಅಲ್ಲಿ ಸಂಜೆಯ ಹೊತ್ತು ಒಂದು ಕೂಟ ಸೇರುತ್ತಿತ್ತು. ಒಬ್ಬ ನಿವೃತ್ತ ಡಾಕ್ಟರು, ಒಬ್ಬ ರಸ್ತೆ ಕಂಟ್ರಾಕ್ಟರು, ನನ್ನ ಭಾವ, ಇನ್ನೂ ಒಂದಿಬ್ಬರು. ಕೂತಷ್ಟು ಹೊತ್ತೂ ರಿವಾಲ್ವರಿನ ಮಾತು. ಗುಂಡು ಹಾರಿಸಿದವನು ಮಾತ್ರ ಒಬ್ಬನೂ ಇಲ್ಲ. ಹಾರಿಸಿದರೆ ಅದರ ಯೋಗ್ಯತೆ ಕೆಡುತ್ತದಂತೆ. ಒಂದೂ ಗುಂಡು ಹಾರದ ರಿವಾಲ್ವರಿಗೆ ಅವರು 'ಕನ್ಯೆ' ಅನ್ನುತ್ತಿದ್ದರು. ಅರವತ್ತು ದಾಟಿದ ಡಾಕ್ಟರು ಬಾಯಿ ಚಪ್ಪರಿಸಿಕೊಂಡು, "ಇದು ಅಪ್ಪಟ ಕನ್ಯೆ ಕಣ್ರೀ" ಅಂದಾಗ ಉಳಿದವರು ಅಂಗಡಿಯ ಬಲ್ಬಿನ ಕೆಳಗೆ ಬಗ್ಗಿ ಸಿಲಿಂಡರಿನ ಒಳಗೆ ಇಣುಕುತ್ತಿದ್ದರು. ಭಾವನನ್ನು ಕರೆತರಲು ಹೋದ ಒಂದು ಸಂಜೆ ನಾನಿದನ್ನು ಕಣ್ಣಾರೆ ಕಂಡೆ. ಹೊರಗೆ ಬಂದು ಚರಂಡಿಗೆ ಉಗಿದೆ.

"ಹೊಡೀದೆ ಇರೋ ರಿವಾಲ್ವರ್ ಯಾಕೆ ಭಾವ?" ಅಂತ ದಾರಿಯಲ್ಲಿ ಕೇಳಿದೆ.

"ನಿಂಗೆಲ್ಲಿ ಗೊತ್ತಾಯ್ತದೆ ಬುಡಯ್ಯ. ನೀನು ಮೇಷ್ಟ್ರು" ಅಂದರು.

ನಾನು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು. ಆ ಉತ್ತರವನ್ನು ಜೀರ್ಣಿಸಿಕೊಂಡೆ.

ಒಬ್ಬನ ಲೈಸೆನ್ಸಿನಲ್ಲಿ ಮೂರಕ್ಕಿಂತ ಹೆಚ್ಚು ಆಯುಧ ಇಟ್ಟುಕೊಳ್ಳುವ ಹಾಗಿರಲಿಲ್ಲ. ಭಾವನ ಮೂರು ಬಹಳ ಬೇಗ ಭರ್ತಿಯಾದವು. ಆಗ ಅವರಿಗೆ ಅಕ್ಕನ ನೆನಪು ಬಂತು. ಅಕ್ಕನ ಹೆಸರಿನಲ್ಲಿ ಅರ್ಜಿ ಹೋಯಿತು. ಕಾರಣ: ಆತ್ಮರಕ್ಷಣೆ. ಅಧಿಕಾರಿಯ ಮುಂದೆ ಅಕ್ಕ ಹಾಜರಾಗಬೇಕಾದ ದಿನ ಭಾವನಿಗೆ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಲು ಬಾರದ್ದರಿಂದ ಕಾರಿಗೆ ನನ್ನನ್ನು ಕರೆದರು. ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿಕೊಟ್ಟರು. ನಮ್ಮ ಕಡೆ ಮನೆಗಳು ದೂರ ದೂರ, ಯಜಮಾನರು ಊರೂರು ತಿರುಗುತ್ತಾರೆ, ಕಳ್ಳರ ಭಯ ಅಂತ ಹೇಳಬೇಕು.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, "ನಿಮಗ್ಯಾಕಮ್ಮ ರಿವಾಲ್ವರು?" ಅಂದರು.

ಅಕ್ಕ ಸೆರಗು ಸರಿಮಾಡಿಕೊಂಡು, "ಮನೇಲಿ ಮೂರು ರಿವಾಲ್ವರ್ ಅವೆ ಸಾರ್. ಅವನ್ನ ಕಾಯಬೇಕಲ್ಲ, ಅದಕ್ಕೆ" ಅಂದಳು.

ಅಧಿಕಾರಿ ನಕ್ಕುಬಿಟ್ಟರು. ಲೈಸೆನ್ಸ್ ಸಿಕ್ಕಿತು. ಭಾವ ಮಾತ್ರ ಹಿಂದಿರುಗುವಾಗ, "ಮಾನ ಕಳೆದ್ಬುಟ್ಟೆ ಕಣೇ" ಅಂತ ಗೊಣಗುತ್ತಲೇ ಇದ್ದರು. ಅಕ್ಕ ತಮಾಷೆ ಮಾಡಿದಳು ಅಂದುಕೊಂಡಿದ್ದರೋ ಏನೋ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಕಿಟಕಿಗಳಿಗೆ ಎರಡೆರಡು ಸಾಲು ಕಂಬಿ, ಒಳಕೋಣೆಯಲ್ಲಿ ಕಬ್ಬಿಣದ ಬೀರು, ಬೀರುವಿಗೆ ಮತ್ತೊಂದು ಬೀಗ. ಇಷ್ಟಾದರೂ ಮನೆಯನ್ನು ಖಾಲಿ ಬಿಡುವ ಹಾಗಿಲ್ಲ. ಕೆಲಸದವರಿಗೆ ಒಳಗೇನಿದೆ ಎಂದು ತಿಳಿಯಬಾರದು, ಬಂದೂಕಿನ ಅಂಗಡಿಯಲ್ಲಿ ಇಟ್ಟು ಹೋಗೋಣವೆಂದರೆ ಕಂಡವರ ಬೆರಳು ತಾಗಿ ಉಕ್ಕಿನ ಮೇಲಿನ ನೀಲಿ ಮೆರುಗು ಹೋದೀತು. ಹಾಗಾಗಿ ಭಾವ ಹೊರಗೆ ಹೊರಟರೆ ಅಕ್ಕ ಒಳಗೆ. ಮನೆ ಕಾಯಲು ಬಂದೂಕು ಇಟ್ಟುಕೊಳ್ಳುತ್ತಾರೆ ಅಂತ ಕೇಳಿದ್ದೆ, ಬಂದೂಕು ಕಾಯಲು ಹೆಂಡತಿಯನ್ನು ಇಟ್ಟುಕೊಂಡವರನ್ನು ನೋಡಿದ್ದು ಅಲ್ಲೇ.

ನನ್ನ ಮದುವೆ ದಾವಣಗೆರೆಯಲ್ಲಿ, ಹುಡುಗಿಯ ಊರಿನಲ್ಲಿ ಆಯಿತು. ನನಗಿರುವುದು ಒಬ್ಬಳೇ ಅಕ್ಕ. ಕಳಸ ಹಿಡಿದು ನನ್ನ ಹಿಂದೆ ನಿಲ್ಲಬೇಕಾದವಳು ಅವಳು. ಅವಳು ಸೀರೆಯನ್ನೂ ತೆಗೆದಿಟ್ಟುಕೊಂಡಿದ್ದಳು. ಹೊರಡುವ ಹಿಂದಿನ ದಿನ ಭಾವ, "ಇಬ್ಬರೂ ಹೋದ್ರೆ ಮನೆ ಗತಿ ಏನು?" ಅಂದರಂತೆ. ಹಾಗಾದರೆ ನೀವೇ ಇರಿ ಅಂದಳಂತೆ ಅಕ್ಕ. "ಗಂಡಸು ಬರದಿದ್ರೆ ಬೀಗರು ಏನಂತಾರೆ?" ಎಂಬುದು ಭಾವನ ಉತ್ತರ. ಅವರು ಬಂದರು. ಮುಂದಿನ ಸಾಲಿನಲ್ಲಿ ಕೂತರು. ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡರು. ನನ್ನ ಮಾವನವರನ್ನು ಮೂಲೆಗೆ ಒತ್ತಿ ಇಂಗ್ಲೆಂಡಿನ ಒಂದು ರಿವಾಲ್ವರಿನ ನಳಿಗೆಯ ಉದ್ದದ ಬಗ್ಗೆ ಊಟ ಮುಗಿಯುವವರೆಗೂ ಹೇಳಿದರು. ನನ್ನ ಹಿಂದೆ ಕಳಸ ಹಿಡಿದು ನಿಂತವಳು ನನಗೆ ಸರಿಯಾಗಿ ಗುರುತೂ ಇಲ್ಲದ, ದೊಡ್ಡಪ್ಪನ ಕಡೆಯ ಒಬ್ಬ ಹುಡುಗಿ. ಆವತ್ತಿನ ಫೋಟೋಗಳಲ್ಲಿ ಭಾವ ಎಲ್ಲದರಲ್ಲೂ ಇದ್ದಾರೆ.

ಸರಸ್ವತಿಪುರಂನಲ್ಲಿ ನಾವು ಮನೆ ಮಾಡಿದ ಮೇಲೂ ಅಕ್ಕ ಬಂದರೆ ಕಾಫಿ ಕುಡಿಯುವಷ್ಟು ಹೊತ್ತು. ನನ್ನ ಹೆಂಡತಿ ಇನ್ನೊಂದು ದೋಸೆ ಹಾಕುವಷ್ಟರಲ್ಲಿ ಎದ್ದು ಆಟೋ ಹುಡುಕುತ್ತಿದ್ದಳು.

ಹೀಗಿರುವಾಗ ಭಾವನ ಪಾಲಿನ ದೇವರೇ ಮನೆಗೆ ಬಂತು. ತೀರಿಕೊಂಡ ಒಬ್ಬ ಹಳೆಯ ಮಿಲಿಟರಿ ಅಧಿಕಾರಿಯ ಹೆಂಡತಿ ಅದನ್ನು ಮಾರಿದರು. ಪಾಯಿಂಟ್ ಟೂ ಟೂ ಗುಂಡಿನ, ಇಂಗ್ಲೆಂಡಿನ ಟಾರ್ಗೆಟ್ ರಿವಾಲ್ವರು. ಹಿಡಿಗೆ ವಾಲ್‌ನಟ್ ಮರ, ಗುರಿ ನೋಡುವ ಕಣ್ಣನ್ನು ಪುಟ್ಟ ತಿರುಪಿನಿಂದ ಆಚೆ ಈಚೆ ಸರಿಸಬಹುದಿತ್ತು. ಕಂಪನಿ ಇಂಥವನ್ನು ಮಾಡಿದ್ದೇ ಬೆರಳೆಣಿಕೆಯಷ್ಟು, ಇಡೀ ದಕ್ಷಿಣ ಭಾರತದಲ್ಲಿ ಇನ್ನೊಂದಿಲ್ಲ ಎಂದು ಭಾವ ಹೇಳಿದರು. ಡಾಕ್ಟರು ಹೌದೆಂದರು. ಇಬ್ಬರೂ ದಕ್ಷಿಣ ಭಾರತವನ್ನು ಮನೆ ಮನೆ ಹೊಕ್ಕು ನೋಡಿ ಬಂದವರ ಹಾಗೆ ಮಾತಾಡುತ್ತಿದ್ದರು. ಭಾವನ ಲೈಸೆನ್ಸಿನಲ್ಲಿ ಜಾಗವಿಲ್ಲದ್ದರಿಂದ ಅದು ಅಕ್ಕನ ಹೆಸರಿಗೆ ಏರಿತು. ಮಖಮಲ್ಲು ಹಾಸಿದ ತೇಗದ ಪೆಟ್ಟಿಗೆ ಮಾಡಿಸಿದರು. ಒಂದು ಭಾನುವಾರ ಅಕ್ಕ ಅದನ್ನು ಕೈಯಲ್ಲಿ ಎತ್ತಿಕೊಂಡು ನೋಡುತ್ತಿದ್ದಾಗ, "ಏಯ್, ಇಡೇ ಇಡೇ! ಕೈ ಬೆವರಿಗೆ ತುಕ್ಕು ಹಿಡೀತದೆ!" ಅಂತ ಕೂಗಿದರು. ಅವಳು ಮೆಲ್ಲಗೆ ಇಟ್ಟು ಚಪಾತಿ ಲಟ್ಟಿಸಲು ಹೋದಳು.

ಎರಡು ಸಾವಿರದ ಆಚೆಗಿನ ಒಂದು ಲೋಕಸಭಾ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸ್ ಇದ್ದವರೆಲ್ಲ ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಹಿಂದೆಲ್ಲ ಭಾವ ಹೇಗೋ ವಿನಾಯಿತಿ ಪಡೆಯುತ್ತಿದ್ದರು, ಆ ಸಲ ಯಾರೂ ಜಗ್ಗಲಿಲ್ಲ. ನಾನೇ ಕಾರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋದೆ. ತೇಗದ ಪೆಟ್ಟಿಗೆಯನ್ನು ಭಾವ ಮಡಿಲಲ್ಲಿಟ್ಟುಕೊಂಡಿದ್ದರು. ಠಾಣೆಯ ಪೇದೆ ರಿವಾಲ್ವರನ್ನು ಎತ್ತಿ, ಸೆಣಬಿನ ದಾರದಲ್ಲಿ ಚೀಟಿ ಕಟ್ಟಲು ಹೊರಟ.

"ಸ್ವಲ್ಪ ಈ ಗ್ಲೌಸ್ ಹಾಕ್ಕೊಳ್ಳಿ" ಎಂದು ಭಾವ ಜೇಬಿನಿಂದ ಬಿಳಿ ಕೈಗವಸು ತೆಗೆದರು.

ಪೇದೆ ಅದನ್ನೂ ಭಾವನನ್ನೂ ನೋಡಿದ. "ಇದೇನ್ ಯಜಮಾನ್ರೆ, ಮೊದಲ್ನೇ ಸಲ ಮಗೂನ ಇಸ್ಕೂಲ್ಗೆ ಬುಟ್ಟಂಗೆ ಆಡ್ತೀರಲ್ಲ?" ಅಂದವನು ಬರಿಗೈಯಲ್ಲೇ ಕಟ್ಟಿದ. ಭಾವ ಗೋಡೆಯ ಕಡೆ ತಿರುಗಿದರು.

ಮಾರನೆಯ ಬೆಳಿಗ್ಗೆ ಅಕ್ಕ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ. "ಮನೇಲಿ ಕಾಯಕ್ಕೆ ಏನೂ ಇಲ್ಲ. ಬೀಗ ಹಾಕ್ಕೊಂಡು ಬಂದ್ಬುಟ್ಟೆ" ಅಂದಳು. ಮಕ್ಕಳು ಹಾಸ್ಟೆಲಿನಲ್ಲಿದ್ದರು, ಭಾವ ಕಾರ್ಖಾನೆಯ ಕೆಲಸಕ್ಕೆ ಪರ ಊರಿಗೆ ಹೋಗಿದ್ದರು. ಆ ಚುನಾವಣೆಯ ಕಾಲದಲ್ಲಿ ನನ್ನ ಅಕ್ಕ ಎಷ್ಟು ತಿರುಗಿದಳೋ! ನನ್ನ ಹೆಂಡತಿಯ ಜೊತೆ ದೇವರಾಜ ಮಾರುಕಟ್ಟೆ, ಮ್ಯಾಟಿನಿ ಸಿನಿಮಾ, ತಲಕಾಡು. ನಮ್ಮ ಮನೆಯ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಒಂದು ದಿನ ಹೇಳಿದಳು: "ಈ ಎಲೆಕ್ಷನ್ ಮುಗೀದೇ ಬ್ಯಾಡ ಅನ್ನಿಸ್ತದೆ ಕಣೋ." ದೇಶದಲ್ಲಿ ಹಾಗೆ ಬಯಸಿದವಳು ಅವಳೊಬ್ಬಳೇ ಇರಬೇಕು.

ನನ್ನ ಹೆಂಡತಿ ಪಾಠ ಮಾಡುವ ಹೆಣ್ಣುಮಕ್ಕಳ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಂ ಒಬ್ಬರಿದ್ದರು. ಮೂವತ್ತರ ಒಳಗಿನವರು, ಶೂಟಿಂಗ್ ಸ್ಪರ್ಧೆಗಳಿಗೆ ಹೋಗುವವರು. ಅವರು ಅಭ್ಯಾಸ ಮಾಡುವುದನ್ನು ನೋಡಲು ನನ್ನ ಹೆಂಡತಿ ಅಕ್ಕನನ್ನು ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದಳು, ಕ್ಲಬ್ಬಿನ ಆಯುಧಗಳಿಗೆ ಚುನಾವಣೆಯಲ್ಲೂ ವಿನಾಯಿತಿ ಇತ್ತು. ನಾನೂ ಹೋಗಿದ್ದೆ. ಮೇಡಂ ಕ್ಲಬ್ಬಿನ ಪಿಸ್ತೂಲನ್ನು ಅಕ್ಕನ ಕೈಗೆ ಕೊಟ್ಟು, ಹಿಂದೆ ನಿಂತು, ಉಸಿರು ಹಿಡಿಯುವುದನ್ನು ಹೇಳಿಕೊಟ್ಟರು. ಅಕ್ಕ ಹಾರಿಸಿದ ಒಂದು ಗುಂಡೂ ಕಾಗದವನ್ನು ಮುಟ್ಟಲಿಲ್ಲ. ಹಿಂದಿನ ಮಣ್ಣುದಿಬ್ಬದಿಂದ ಧೂಳೆದ್ದಿತು. ಅಕ್ಕ ಪಿಸ್ತೂಲು ವಾಪಸು ಕೊಟ್ಟು, ಕಿವಿ ಮುಚ್ಚಿಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಮೇಡಂ ಹೊಡೆದರು. ಮುಗಿದ ಮೇಲೆ ಬೇಸರದಿಂದ, "ಇದರ ಟ್ರಿಗರ್ ಸಡಿಲ ಅಮ್ಮ. ನಂದೇ ಅಂತ ಒಂದು ಒಳ್ಳೇದು ತಗೊಳ್ಳೋಣ ಅಂದ್ರೆ ಎಲ್ಲೂ ಸಿಗಲ್ಲ. ಚೆನ್ನಾಗಿರೋದೆಲ್ಲ ಯಾರ್ ಯಾರದೋ ಬೀರು ಒಳಗೆ ಕೂತವೆ" ಅಂದರು. ಅಕ್ಕನ ಮನೆಯ ಬೀರುವಿನಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಹಿಂದಿರುಗುವಾಗ ಕಾರಿನಲ್ಲಿ ಅಕ್ಕ, "ಲೈಸೆನ್ಸಲ್ಲಿ ಯಾರ ಹೆಸರಿರ್ತದೋ ವಸ್ತು ಅವರದೇನಾ?" ಎಂದು ಕೇಳಿದಳು. ಕಾನೂನಿನ ಪ್ರಕಾರ ಹೌದು ಅಂದೆ.

ಚುನಾವಣೆಯ ಫಲಿತಾಂಶ ಬಂತು. ಆಯುಧ ವಾಪಸು ಪಡೆಯಲು ಮೂವರೂ ಠಾಣೆಗೆ ಹೋದೆವು. ಭಾವ ತಮ್ಮ ಮೂರನ್ನು ಒರೆಸಿ ಒರೆಸಿ ತೆಗೆದುಕೊಂಡರು. ಅಕ್ಕನ ಸರದಿ ಬಂದಾಗ ಅವಳು ಇನ್ಸ್‌ಪೆಕ್ಟರಿಗೆ, "ನಂದು ನಂಗೆ ಬ್ಯಾಡ ಸಾರ್. ಬೇರೆಯೋರ ಹೆಸರಿಗೆ ಬರ್ಕೊಡಕ್ಕೆ ಏನು ಮಾಡಬೇಕು?" ಎಂದು ಕೇಳಿದಳು.

ಭಾವ ಮೊದಲು ನಕ್ಕರು. "ಅವಳಿಗೆ ತಿಳಿಯಲ್ಲ ಸಾರ್. ಕೊಡಿ ಇಲ್ಲಿ."

"ತಿಳೀತದೆ ರೀ" ಅಂದಳು ಅಕ್ಕ. "ಕಾಲೇಜಿನ ಮೇಡಂ ಒಬ್ಬರು ಅವರೆ. ಸ್ಪರ್ಧೆಗೆ ಹೋಗ್ತಾರೆ. ಅವರಿಗೆ ಕೊಡ್ತೀನಿ."

"ನಿನ್ನ ಹೆಸರಲ್ಲಿದ್ರೆ ಅದು ನಿಂದಾ?"

ಇನ್ಸ್‌ಪೆಕ್ಟರು ಕೆಮ್ಮಿ, "ಯಜಮಾನ್ರೆ, ಲೈಸೆನ್ಸ್ ಅಮ್ಮಾವ್ರದ್ದು. ಅವರು ಸಹಿ ಹಾಕ್ದೆ ನಾನು ನಿಮ್ಮ ಕೈಗೆ ಕೊಡಕ್ಕಾಗಲ್ಲ" ಅಂದರು.

ಭಾವನ ಮುಖ ಬೆಳ್ಳಗಾಯಿತು. ಏನೇನೋ ಹೇಳಲು ಹೋಗಿ, ಕೊನೆಗೆ ಅವರ ಬಾಯಿಂದ ಬಂದ ಮಾತು ಇದು: "ಅಯ್ಯೋ ಸಾರ್, ಆ ಹುಡುಗಿ ಅದನ್ನ ಹೊಡೀತಾಳೆ!"

"ರಿವಾಲ್ವರ್ ಅಲ್ವಾ ಸಾರ್ ಅದು," ಅಂದರು ಇನ್ಸ್‌ಪೆಕ್ಟರು, "ಹೊಡೀದೆ ಮತ್ತೇನು ಮಾಡ್ತಾರೆ?"

ಬಾಗಿಲಲ್ಲಿದ್ದ ಪೇದೆ ತಿರುಗಿ ನಿಂತು ಹೆಗಲು ಕುಣಿಸುತ್ತಿದ್ದ. ನನಗೆ ನಗು ಬರಲಿಲ್ಲ. ಅಕ್ಕನ ಬೆರಳುಗಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು. ಅಷ್ಟು ಮಾತಾಡಲು ಅವಳಿಗೆ ಎಷ್ಟು ಕಷ್ಟವಾಗಿತ್ತೆಂದು ಆಗ ತಿಳಿಯಿತು.

ಕಾಗದಪತ್ರ ನಿಧಾನವಾಗಿ ನಡೆಯಿತು, ಆದರೆ ನಡೆಯಿತು. ಭಾವ ತಿಂಗಳುಗಟ್ಟಲೆ ಅಕ್ಕನೊಡನೆ ಮಾತು ಬಿಟ್ಟರು. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದರಂತೆ. ಲಷ್ಕರ್ ಮೊಹಲ್ಲಾದ ಕೂಟ ಸಾವಿನ ಮನೆಗೆ ಬಂದ ಹಾಗೆ ಬಂದು ಹೋಯಿತು. ಡಾಕ್ಟರು ಮೂಸಂಬಿ ತಂದಿದ್ದರು. ಕಂಟ್ರಾಕ್ಟರು ಭಾವನ ಕೈ ಹಿಡಿದು, "ಧೈರ್ಯ ತಂದ್ಕೊಳಿ" ಅಂದರು. ಅಕ್ಕ ಎಲ್ಲರಿಗೂ ಕಾಫಿ ಕೊಟ್ಟಳು. ಅವರಲ್ಲಿ ಒಬ್ಬನಾದರೂ ಅವಳ ಮುಖ ನೋಡಿ ಲೋಟ ತೆಗೆದುಕೊಳ್ಳಲಿಲ್ಲ.

ಮೇಡಂ ಆ ರಿವಾಲ್ವರಿನಿಂದ ವಾರವಾರವೂ ಹೊಡೆದರು. ವರ್ಷ ಕಳೆಯುವುದರೊಳಗೆ ನೀಲಿ ಮೆರುಗು ಅಲ್ಲಲ್ಲಿ ಸವೆದು, ಮರದ ಹಿಡಿ ಅವರ ಅಂಗೈಗೆ ಕಪ್ಪಾಗಿ ಒಗ್ಗಿತು. ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಬಂತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಅಕ್ಕ ತನ್ನ ಲೈಸೆನ್ಸನ್ನೂ ವಾಪಸು ಕೊಟ್ಟುಬಿಟ್ಟಳು. ಅಲ್ಲಿಂದ ಮುಂದೆ ಅವಳು ಬಡಾವಣೆಯ ವಚನಗಾಯನದ ಹೆಂಗಸರ ಜೊತೆ ಊರೂರು ಹೊರಟಳು: ಕೂಡಲಸಂಗಮ, ಶ್ರೀಶೈಲ, ಒಮ್ಮೆ ಕಾಶಿಗೂ.

ಅವಳು ಕಾಶಿಗೆ ಹೋಗಿದ್ದಾಗ ನಾನು ಭಾವನಿಗೆ ಊಟ ಕೊಡಲು ಹೋಗಿದ್ದೆ. ಆ ವಾರ ಅವರ ತಂಗಿಯ ಮೊಮ್ಮಗಳ ನಾಮಕರಣವಿತ್ತು, ಅವರು ಹೋಗಿರಲಿಲ್ಲ. ಬೀರುವಿನಲ್ಲಿ ಇನ್ನೂ ಮೂರು ಇದ್ದವಲ್ಲ. ಪರದೆ ಸರಿಸಿ ನಾನೇ ಎಂದು ಖಾತ್ರಿ ಮಾಡಿಕೊಂಡು ಬಾಗಿಲು ತೆರೆದರು. ಉಣ್ಣುತ್ತಾ ಕೂತಾಗ ಕೇಳಿದೆ:

"ಉಳಿದ ಮೂರರಲ್ಲಿ ಒಂದನ್ನಾದ್ರೂ ಒಂದ್ಸಲ ಹೊಡೆದು ನೋಡ್ಬೇಕು ಅನ್ನಿಸಲ್ವಾ ಭಾವ?"

ತುತ್ತು ಹಿಡಿದ ಕೈ ನಿಂತಿತು. "ಹೊಡೆದ್ರೆ ಹೋಯ್ತಲ್ಲಯ್ಯ" ಅಂದರು, ತೀರ ಸಣ್ಣ ದನಿಯಲ್ಲಿ. ಏನು ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಕ್ಯಾರಿಯರ್ ತೊಳೆದುಕೊಂಡು ಹೊರಟೆ. ನಾನು ಗೇಟು ದಾಟುವ ಮೊದಲೇ ಒಳಗಿನ ಚಿಲಕಗಳು ಒಂದಾದ ಮೇಲೊಂದು ಬಿದ್ದವು.