ಎರಡು ಸಲ ಕೇಳುವ ಅಕ್ಕ

ಆಕೆ ಏನನ್ನೇ ಆಗಲಿ ಎರಡು ಸಲ ಕೇಳುತ್ತಿದ್ದಳು. ಸೌತೆಕಾಯಿ ಕಹಿಯಿಲ್ಲ ತಾನೇ ಎಂದು ತರಕಾರಿಯವನನ್ನು ಒಂದು ಸಲ ಕೇಳಿ, ಚೀಲಕ್ಕೆ ಹಾಕಿಸಿಕೊಂಡ ಮೇಲೆ ಇನ್ನೊಂದು ಸಲ. ಬೀಗ ಹಾಕಿದಿರಾ ಎಂದು ಗಂಡನನ್ನು ಮೆಟ್ಟಿಲ ಮೇಲೆ ಒಂದು ಸಲ, ರಸ್ತೆಗಿಳಿದ ಮೇಲೆ ಇನ್ನೊಂದು ಸಲ. "ಮೊದಲನೇ ಉತ್ತರ ಬಾಯಿಂದ ಬರುತ್ತೆ, ಎರಡನೇದು ತಲೆಯಿಂದ" ಎನ್ನುವುದು ಆಕೆಯ ಸಿದ್ಧಾಂತ. ಮದುವೆಗೆ ಮುಂಚೆಯೂ ಒಪ್ಪಿಗೆಯಾ ಎಂದು ಎರಡು ಸಲ ಕೇಳಿದ್ದಳಂತೆ. "ಎರಡ್ ಸಲಾನೂ ಬಾಯಿಂದಾನೇ ಬಂತು, ಏನ್ ಮಾಡೋದು" ಎಂದು ಬಸ್ ಡಿಪೋದ ಮೆಕ್ಯಾನಿಕ್ ಆದ ಆ ಗಂಡ ನಮ್ಮೆದುರಿಗೇ ಕೈ ಒರೆಸಿಕೊಳ್ಳುತ್ತಾ ಹೇಳುತ್ತಿದ್ದ.

ಈ ಚಾಳಿಗೆ ಸಂಬಳ ಕೊಡುವ ಕೆಲಸವೂ ಆಕೆಗೆ ಸಿಕ್ಕಿತ್ತು. ನಮ್ಮ ಆಫೀಸು ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ತಯಾರಿಸುತ್ತದೆ. ಮಾತ್ರೆ ತುಂಬುವ ಯಂತ್ರಗಳಿಗೆ ಅಪ್ಪಣೆ ಕೊಡಲು ಕಾರ್ಖಾನೆಗಳು ಆ ಭಾಷೆಯಲ್ಲಿ ಬರೆಯುತ್ತವೆ. ಭಾಷೆ ಹೇಳಿದಂತೆ ನಡೆದುಕೊಳ್ಳುತ್ತದೆಯೇ ಎಂದು ಪರೀಕ್ಷೆ ಮಾಡುವವಳು ಆಕೆ, ಆಫೀಸಿಗೆಲ್ಲ ಅಕ್ಕ. ಅದರ ಕೈಪಿಡಿ ಬರೆಯುವವನು ನಾನು. ಐವತ್ತು ದಾಟಿದ ಇಬ್ಬರನ್ನೂ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರಿಸಿದ್ದರು. ಮೇಲೆ ಓಡಾಡುವವರ ಹೆಜ್ಜೆ ಸಪ್ಪಳದಲ್ಲೇ ಯಾರು ಯಾರೆಂದು ಹೇಳಬಲ್ಲಷ್ಟು ಹಳಬರು ನಾವು.

ಅಕ್ಕ ಮೊದಲು ಮೇಲಿನ ಮಹಡಿಯಲ್ಲಿ, ಕಿಟಕಿ ಪಕ್ಕದಲ್ಲಿ ಕೂರುತ್ತಿದ್ದಳು. ಅಲ್ಲಿಂದ ಇಳಿಸಿದವನು ಮುಖ್ಯಸ್ಥ. ಏನು ಹೇಳಹೋದರೂ ಪೂರ್ತಿ ಕೇಳದೆ "ಆಯ್ತಾಯ್ತು" ಎನ್ನುವುದರಿಂದ ಅವನಿಗೆ ಆಯ್ತಾಯ್ತು ಎಂದೇ ಹೆಸರು ಬಿದ್ದಿತ್ತು.

ನಾಲ್ಕು ವರ್ಷದ ಹಿಂದೆ ಆಯ್ತಾಯ್ತು ನಮ್ಮ ಭಾಷೆಗೆ ಜನರೇಟರ್ ಎಕ್ಸ್‌ಪ್ರೆಶನ್ ತಂದ. ಕರೆಂಟು ಹೋದಾಗ ಗುಡುಗುಡು ಎನ್ನುವ ಜನರೇಟರ್ ಅಲ್ಲ ಇದು; ಇದು ಸದ್ದೇ ಮಾಡುವುದಿಲ್ಲ, ತೊಂದರೆಯೂ ಅದೇ. ಡಾಕ್ಟರ ಬಾಗಿಲಲ್ಲಿ ನಂಬರ್ ಚೀಟಿಯ ಸುರುಳಿ ಇರುತ್ತದಲ್ಲ, ಹಾಗೆ. ಕೇಳಿದವರಿಗೆ ಒಂದೊಂದೇ ಚೀಟಿ ಹರಿದು ಕೊಡುತ್ತದೆ, ಕೊಟ್ಟದ್ದನ್ನು ಮರೆತುಬಿಡುತ್ತದೆ. ಎಲ್ಲ ಚೀಟಿಗಳನ್ನೂ ಮೊದಲೇ ಹರಿದು ಮೇಜಿನ ಮೇಲೆ ಹರಡುವ ಗೋಜಿಲ್ಲವಾದ್ದರಿಂದ ಜಾಗ ಉಳಿಯುತ್ತದೆ. ಆದರೆ ಒಂದು ಸಲ ಮುಗಿಯಿತೆಂದರೆ ಮುಗಿಯಿತು. ಎರಡನೇ ಸಲ ಕೇಳಿದರೆ "ಮುಗೀತಪ್ಪ" ಎನ್ನುವ ಸೌಜನ್ಯವೂ ಇಲ್ಲ, ಸುಮ್ಮನೆ ಖಾಲಿ ಕೈ ತೋರಿಸುತ್ತದೆ.

ಎರಡು ಸಲ ಕೇಳುವ ಅಕ್ಕನಿಗೆ ಇದು ಮೊದಲ ದಿನವೇ ಸಿಕ್ಕಿತು. ಮಾತ್ರೆಯ ಸ್ಟ್ರಿಪ್ಪು, ಅಂದರೆ ಪಟ್ಟಿಗಳನ್ನು ಜನರೇಟರ್‌ನಿಂದ ಒಂದೊಂದಾಗಿ ತರಿಸಿ ಮೊದಲು ಎಷ್ಟಿವೆ ಎಂದು ಎಣಿಸಿದಳು. ಆಮೇಲೆ ಅದೇ ಜನರೇಟರನ್ನು "ಎಲ್ಲಾ ಪಟ್ಟಿ ತುಂಬಿವೆಯಾ?" ಎಂದು ಕೇಳಿದಳು. ಎಣಿಸುವಷ್ಟರಲ್ಲಿ ಅದು ಬರಿದಾಗಿತ್ತು. ಆದರೂ ಬಂದ ಉತ್ತರ: ಹೌದು, ಎಲ್ಲವೂ ತುಂಬಿವೆ. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಖಾಲಿ ತರಗತಿಗೆ ಬಂದು "ಹೋಂವರ್ಕ್ ಮಾಡದೆ ಇರುವವರು ಎದ್ದು ನಿಲ್ಲಿ" ಎಂದರೆ ಹೇಗಿರುತ್ತದೋ ಹಾಗೆ. ಯಾರೂ ಏಳಲಿಲ್ಲ, ಆದ್ದರಿಂದ ಎಲ್ಲರೂ ಮಾಡಿದ್ದಾರೆ! ತರ್ಕಶಾಸ್ತ್ರದ ಪ್ರಕಾರ ಇದು ತಪ್ಪೇ ಅಲ್ಲ. ಆದರೆ ಯಂತ್ರದ ಮುಂದೆ ನಿಂತವನಿಗೆ ಗಂಡಾಂತರ.

ಬರಿದಾದ ಜನರೇಟರನ್ನು ಮತ್ತೆ ಕೇಳಿದರೆ ಭಾಷೆ ಎಚ್ಚರಿಕೆ ಕೊಡಬೇಕು ಎಂದು ಅಕ್ಕ ಎರಡು ಪುಟ ಬರೆದು ಮೇಲೆ ಒಯ್ದಳು. ಆಗ ನಾನೂ ಅಲ್ಲೇ ಇದ್ದೆ.

"ಸರ್, ಎರಡನೇ ಸಲ ಕೇಳಿದ್ರೆ..."

"ಆಯ್ತಾಯ್ತು ಅಕ್ಕ. ಯಾರಾದ್ರೂ ಎರಡನೇ ಸಲ ಯಾಕೆ ಕೇಳ್ತಾರೆ? ಎಲ್ಲಾರೂ ನಿಮ್ ಥರಾನಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ; ಆ ನಗುವಿಗೆ ಇವತ್ತಿಗೂ ನಾಚಿಕೆಪಡುತ್ತೇನೆ. ಆಯ್ತಾಯ್ತು ಪುಟದ ಮೂಲೆಯಲ್ಲಿ ಏನೋ ಗೀಚಿ ಆಕೆಗೇ ಹಿಂದಿರುಗಿಸಿ, ಆಕೆಯ ಪರೀಕ್ಷೆಯನ್ನು ಪರೀಕ್ಷೆಗಳ ಪಟ್ಟಿಯಿಂದಲೇ ತೆಗೆಸಿದ.

ಎಂಟು ತಿಂಗಳಿಗೆ ಒಂದು ಕಾರ್ಖಾನೆಯಿಂದ ಮಾತ್ರೆಯೇ ಇಲ್ಲದ ಪಟ್ಟಿಗಳು ಪೆಟ್ಟಿಗೆಗಟ್ಟಲೆ ಹೊರಬಿದ್ದವು. ಅಲ್ಲಿನವರೂ ಎಣಿಸಿ ಆದ ಮೇಲೆ ಅದೇ ಜನರೇಟರನ್ನು ತುಂಬಿವೆಯಾ ಎಂದು ಕೇಳಿದ್ದರು. ಅಂಗಡಿಗೆ ಮುಟ್ಟುವ ಮೊದಲೇ ತಡೆದರು, ಪುಣ್ಯ. ವಿಚಾರಣೆಯಲ್ಲಿ ಆಯ್ತಾಯ್ತು ಒಂದೇ ಸಾಲು ಬರೆದ: "ಪರೀಕ್ಷಕಿಯು ಈ ನಡವಳಿಕೆಯನ್ನು ಪರೀಕ್ಷಿಸಿರಲಿಲ್ಲ." ಅದನ್ನು ಯಜಮಾನಿಯ ಮುಂದೆ, ಹದಿನಾಲ್ಕು ಜನರೆದುರು ಓದಿದ. ಆಫೀಸು ಕಟ್ಟಿದ ಹೆಂಗಸು ಆಕೆ, ಕಾಗದದಲ್ಲಿ ಇದ್ದದ್ದನ್ನು ನಂಬುವವಳು. ಅಕ್ಕ ಮೆಟ್ಟಿಲ ಕೆಳಗೆ ಬಂದಳು. ಪರೀಕ್ಷಕಿ ಅಂದಿನಿಂದ ಕಾದು ಕೂತ ನಿರೀಕ್ಷಕಿಯೂ ಆದಳು.

ಆಕೆಗೆ ಕಿಟಕಿ ಬೇಕಿರಲಿಲ್ಲ. ಆ ಸಾಲನ್ನು ಬರೆದವನೇ, ಓದಿದ ಜಾಗದಲ್ಲೇ, ಕೇಳಿದವರ ಎದುರೇ ಸುಳ್ಳೆಂದು ಒಪ್ಪಬೇಕು. ಬೇರೆ ಯಾವುದೂ ಬೇಡ. ಅದಕ್ಕೇ ಆ ಎರಡು ಪುಟವನ್ನು ಆಗ ಹೊರತೆಗೆಯದೆ ಚೀಲದಲ್ಲೇ ಇಟ್ಟುಕೊಂಡಳು: ಕಾಗದ ನೋಡಿ ಯಜಮಾನಿ ಒಪ್ಪಿಯಾಳು, ಅವನಲ್ಲ. ಮನೆಯಲ್ಲಿ ಇದಕ್ಕೆ ಗುರುವೂ ಇದ್ದಳು. ತನ್ನ ಪಾತ್ರೆಯ ಮುಚ್ಚಳ ಹಿಂದಿರುಗಿಸದ ಓರಗಿತ್ತಿಯ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಅತ್ತೆ. "ಹಗೆ ಅಂದ್ರೆ ಹೆಪ್ಪು ಹಾಕಿದ ಹಾಲು ಕಣೇ" ಎನ್ನುತ್ತಿದ್ದಳಂತೆ ಅವಳು, "ಆಗಾಗ ಮುಚ್ಚಳ ತೆಗೆದು ನೋಡ್ತಾ ಇದ್ರೆ ಗಟ್ಟಿ ಆಗಲ್ಲ."

ಈ ವರ್ಷ ಆಯ್ತಾಯ್ತು ಹೊಸದೊಂದು ಕಟ್ಟಿದ: ತಾನೇ ತಾನಾಗಿ ಪರೀಕ್ಷೆ ನಡೆಸುವ ಬೋರ್ಡು. ಗೋಡೆಯ ಪರದೆಯ ಮೇಲೆ ಪ್ರತಿ ಬೆಳಿಗ್ಗೆ "ನಾನೂರ ಹನ್ನೆರಡು ಪರೀಕ್ಷೆ ನಡೆದಿವೆ, ಎಲ್ಲವೂ ಪಾಸು" ಎಂದು ಹಸಿರು ಬಣ್ಣ ಹೊಳೆಯುತ್ತಿತ್ತು. ತಿಂಗಳ ಕೊನೆಯ ಸಭೆಯಲ್ಲಿ ಯಜಮಾನಿ ಅದನ್ನು ನೋಡಿ ಒಪ್ಪಿದರೆ ಅಕ್ಕನ ಕೆಲಸಕ್ಕೆ ಮಂಗಳ.

ಒಂದು ಬೆಳಿಗ್ಗೆ ಅಕ್ಕ ಕೈಯಾರೆ ನಡೆಸಿದ ಪರೀಕ್ಷೆಯೊಂದು ಫೇಲಾಯಿತು. ಮೇಲೆ ಹೋಗಿ ನೋಡಿದರೆ ಬೋರ್ಡು ಹಸಿರು. ಕೆಳಗೆ ಬಂದು ಮತ್ತೆ ನಡೆಸಿದಳು, ಫೇಲು. ಮತ್ತೆ ಮೆಟ್ಟಿಲು ಹತ್ತಿದಳು, ಹಸಿರು. ಕೂತು ಬೋರ್ಡಿನ ಪ್ರೋಗ್ರಾಂ ತೆರೆದು ಓದಿದಳು. ಓದುತ್ತಾ ಓದುತ್ತಾ ಆಕೆಯ ಮುಖದಲ್ಲಿ ನಾಲ್ಕು ವರ್ಷದಿಂದ ನಾನು ಕಾಣದಿದ್ದ ಒಂದು ಕಾಂತಿ ಬಂತು.

"ಬನ್ನಿ ಇಲ್ಲಿ, ನೋಡಿ."

ನೋಡಿದೆ. ಪರೀಕ್ಷೆಗಳ ಫಲಿತಾಂಶವನ್ನು ಆಯ್ತಾಯ್ತು ಜನರೇಟರ್‌ನಿಂದ ತರಿಸಿದ್ದ. ಮೊದಲ ಸಾಲಿನಲ್ಲಿ ಎಷ್ಟು ಎಂದು ಎಣಿಸಿದ್ದ. ಎರಡನೇ ಸಾಲಿನಲ್ಲಿ ಅದೇ ಬರಿದಾದ ಜನರೇಟರನ್ನು ಕೇಳಿದ್ದ: ಎಲ್ಲಾ ಪಾಸಾ?

"ಅಯ್ಯೋ, ಇದು ಜನ್ಮದಲ್ಲಿ ಕೆಂಪಾಗಲ್ಲ!" ಎಂದೆ. "ಅಕ್ಕ, ಈಗ್ಲೇ ಹೋಗಿ ಹೇಳಿ."

"ಯಾಕೆ?" ಎಂದಳು. ಪ್ರೋಗ್ರಾಂ ಮುಚ್ಚಿ, "ಯಾಕೆ?" ಎಂದು ಮತ್ತೆ ಕೇಳಿದಳು. ನಾನು ಕುರ್ಚಿ ತಿರುಗಿಸಿಕೊಂಡು ನನ್ನ ಕೈಪಿಡಿಗೆ ಮರಳಿದೆ.

ಆ ದಿನವೇ ಆಕೆ ಪರೀಕ್ಷೆಗಳ ಪಟ್ಟಿಯ ತಲೆಯ ಮೇಲೆ ಒಂದು ಹೊಸ ಪರೀಕ್ಷೆ ಸೇರಿಸಿದಳು: ಎರಡಕ್ಕೆ ಎರಡು ಕೂಡಿಸಿದರೆ ಐದು. ಕೆಳಗೆ ತನ್ನ ಹೆಸರು, ತಾರೀಕು. ಮರುದಿನ ಬೋರ್ಡು "ನಾನೂರ ಹದಿಮೂರು, ಎಲ್ಲವೂ ಪಾಸು" ಎಂದಿತು. ಸಂಖ್ಯೆ ಒಂದು ಹೆಚ್ಚಾದದ್ದನ್ನು ಯಾರೂ ಗಮನಿಸಲಿಲ್ಲ. ಸಭೆಗೆ ಇನ್ನೂ ಹನ್ನೊಂದು ದಿನ ಇತ್ತು. ಆ ಹನ್ನೊಂದು ದಿನವೂ ಅಕ್ಕ ನಿಜವಾದ ನಾನೂರ ಹನ್ನೆರಡನ್ನೂ ಒಂದೊಂದಾಗಿ ಕೈಯಾರೆ ನಡೆಸಿದಳು, ಫೇಲಾದದ್ದನ್ನು ಪ್ರೋಗ್ರಾಂ ಬರೆಯುವ ಹುಡುಗಿಯರಿಗೆ ಹೇಳಿ ಸರಿಮಾಡಿಸಿದಳು. "ನನ್ನ ಹಗೆ ಅವನ ಮೇಲೆ. ಮಾತ್ರೆ ನುಂಗೋರ ಮೇಲಲ್ಲ" ಎಂದಳು. ಹಗೆ ಸಾಧಿಸಲು ಇಷ್ಟು ಓವರ್‌ಟೈಮ್ ಮಾಡಿದವರನ್ನು ನಾನು ಕಂಡಿಲ್ಲ.

ಸಭೆಗೆ ಅದೇ ಉದ್ದನೆಯ ಮೇಜು, ಹೆಚ್ಚುಕಡಿಮೆ ಅದೇ ಹದಿನಾಲ್ಕು ಜನ. ಆಯ್ತಾಯ್ತು ಗುಂಡಿ ಒತ್ತಿದ. ಹಸಿರು. ಯಜಮಾನಿ ಪೆನ್ನಿನ ಮುಚ್ಚಳ ತೆಗೆದಳು.

"ಮೇಡಂ, ಒಂದ್ ನಿಮಿಷ" ಎಂದಳು ಅಕ್ಕ. "ಸರ್, ಆ ಎರಡು ಸಾಲು ಹಿಂದುಮುಂದು ಮಾಡ್ತೀರಾ? ಮೊದ್ಲು ಪಾಸಾ ಅಂತ ಕೇಳಿ. ಎಣಿಸೋದು ಆಮೇಲೆ."

"ಆಯ್ತಾಯ್ತು, ಅದ್ರಿಂದ ಏನ್ ವ್ಯತ್ಯಾಸ?"

"ಏನೂ ಇಲ್ಲ ಅಂದ್ರೆ ಮಾಡೋಕೇನು?"

ಎಲ್ಲರೂ ನೋಡುತ್ತಿದ್ದರು, ಮಾಡಿದ. ಗೋಡೆ ಕೆಂಪಾಯಿತು. ಫೇಲು: ಎರಡು ಕೂಡಿಸು ಎರಡು ಐದು. ಮುಖ್ಯಸ್ಥ ಅಲ್ಲೇ ಅಸ್ವಸ್ಥನಾದ.

"ಇದು ಕಿತಾಪತಿ ಮೇಡಂ! ಬೇಕಂತ್ಲೇ ಸೇರಿಸಿದಾರೆ!"

"ಹೌದು ಸರ್. ಹೆಸರು ಹಾಕೇ ಸೇರಿಸಿದೀನಿ. ಹನ್ನೊಂದು ದಿನದಿಂದ ಅಲ್ಲೇ ಇದೆ. ಹನ್ನೊಂದು ದಿನದಿಂದ ನಿಮ್ಮ ಬೋರ್ಡು ಎರಡೂ ಎರಡೂ ಐದು, ಪಾಸು, ಅಂತಿದೆ." ಚೀಲದಿಂದ ನಾಲ್ಕು ವರ್ಷದ ಹಿಂದಿನ ಎರಡು ಪುಟ ತೆಗೆದು ಯಜಮಾನಿಯ ಮುಂದಿಟ್ಟಳು. ಮೇಲಿನ ಮೂಲೆಯಲ್ಲಿ ಅವನದೇ ಅಕ್ಷರ: ನೋಡಿದೆ, ಬೇಡ.

ಯಜಮಾನಿ ಎರಡೂ ಪುಟ ಓದಿದಳು. ಪೆನ್ನನ್ನು ಆಯ್ತಾಯ್ತುವಿನ ಕಡೆ ತಳ್ಳಿ, "ಬರೀರಿ" ಎಂದಳು.

ಅವನು ಬರೆದ. ಎದ್ದು ನಿಂತು ಓದಿದ: ಪರೀಕ್ಷಕಿ ಪರೀಕ್ಷಿಸಿದ್ದರು, ತಿಳಿಸಿದ್ದರು, ಕಡೆಗಣಿಸಿದವನು ನಾನು. ಕೂರಲು ಬಗ್ಗಿದ.

"ಇನ್ನೊಂದ್ ಸಲ ಓದಿ ಸರ್" ಎಂದಳು ಅಕ್ಕ.

ಈ ಸಲ ಯಾರೂ ನಗಲಿಲ್ಲ. ಅವನು ಮತ್ತೆ ಓದಿದ, ಮೊದಲಿಗಿಂತ ನಿಧಾನವಾಗಿ.

ಹೊರಗೆ ನೀರಿನ ಕ್ಯಾನಿನ ಹತ್ತಿರ ಅವನು ಆಕೆಯನ್ನು ತಡೆದ. "ಗೊತ್ತಾದ ದಿನಾನೇ ಒಂದ್ ಮಾತು ಹೇಳ್ಬಹುದಿತ್ತಲ್ಲ ಅಕ್ಕ. ಮರ್ಯಾದೆ ಉಳೀತಿತ್ತು."

"ಹೇಳಿದ್ದೆ ಸರ್" ಎಂದಳು ಅಕ್ಕ. "ನಾಲ್ಕು ವರ್ಷದ ಹಿಂದೆ. ಎರಡನೇ ಸಲ ಯಾರ್ ಕೇಳ್ತಾರೆ ಅಂದ್ರಿ."

ಕಿಟಕಿಯ ಪಕ್ಕದ ಜಾಗ ಮತ್ತೆ ಕೊಟ್ಟರು; ಬೇಡವೆಂದು ಮೆಟ್ಟಿಲ ಕೆಳಗೇ ಉಳಿದಳು. ಅವನ ಹೆಜ್ಜೆ ಈಗ ತಲೆಯ ಮೇಲೆ ಮೆಲ್ಲಗೆ ಕೇಳುತ್ತದೆ, ಅದನ್ನು ಬಿಟ್ಟು ಹೋಗಲು ಮನಸ್ಸಿಲ್ಲವಂತೆ. ಅಂದು ಸಂಜೆ ನಡೆದದ್ದನ್ನು ಅತ್ತೆಗೆ ಒಪ್ಪಿಸಿದಾಗ ಅವಳು ಸೊಪ್ಪು ಬಿಡಿಸುತ್ತಾ ಕೊನೆಯವರೆಗೂ ಕೇಳಿ, ಒಂದೇ ಪ್ರಶ್ನೆ ಹಾಕಿದಳಂತೆ.

"ಎರಡ್ ಸಲ ಓದಿಸ್ದೆ ತಾನೇ?"

"ಓದಿಸ್ದೆ ಅತ್ತೆ."

"ಓದಿಸ್ದೆ ತಾನೇ?"